ಚೆಚಾ! ಚೆಚಾ!

ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ದುಡಿದವರು. ಹಾಗಾಗಿ ಆಫೀಸ್ ಕೆಲಸಕ್ಕೆಂದು ಜೋಹಾನ್ಸ್‌ಬರ್ಗ್‌ಗೆ ಹೋದಾಗ, ಭಾನುವಾರ ಜೊತೆಯವರೆಲ್ಲ ಸಿಂಹ ನೋಡಲು ಹೊರಟರೆ ನಾನು ಹಳೆಯ ಚಿನ್ನದ ಗಣಿ ಕ್ರೌನ್ ಮೈನ್ಸ್‌ನ 14ನೇ ಶಾಫ್ಟ್‌ಗೆ ಟಿಕೆಟ್ ತಗೊಂಡೆ.

ತಲೆಗೆ ಟೋಪಿ, ಸೊಂಟಕ್ಕೆ ಬ್ಯಾಟರಿ. ಕೇಜ್ ಅನ್ನೋ ಗಣಿ ಲಿಫ್ಟು ಕಿರುಗುಟ್ಟುತ್ತಾ ಇಳಿಯಿತು. ನಮ್ಮನ್ನು ಇಳಿಸಿದ್ದು 75 ಮೀಟರ್ ಅಷ್ಟೇ. ಕೆಜಿಎಫ್ 3 ಕಿಲೋಮೀಟರ್ ದಾಟಿತ್ತು ಅಂತ ಒಳಗೊಳಗೇ ಜಂಭಪಟ್ಟೆ.

ಗೈಡ್ ಪಕ್ಕದ ದೇಶ ಲೆಸೊಥೊದವರು, ಹಿಂದೆ ಗಣಿಯಲ್ಲೇ ಇದ್ದವರು. ಎಲ್ಲರ ದೀಪ ಆರಿಸಿ ಎಂದರು. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಆ ಕತ್ತಲಲ್ಲಿ ಇದ್ದಕ್ಕಿದ್ದಂತೆ "ಚೆಚಾ! ಚೆಚಾ!" ಅಂತ ಕೂಗಿದರು. ಬೇಗ ಬೇಗ ಅಂತ ಅರ್ಥ. ಫನಗಲೊ ಎಂಬ ಗಣಿಭಾಷೆ ಅದು. ಹೆಚ್ಚಿನ ಪದ ಜುಲುವಿನವು, ಜೊತೆಗೆ ಇಂಗ್ಲಿಷ್, ಆಫ್ರಿಕಾನ್ಸ್. ಬಿಳಿ ಮೇಸ್ತ್ರಿ, ಮೊಜಾಂಬಿಕ್‌ನ ಆಳು, ಮಲಾವಿಯ ಆಳು, ಎಲ್ಲರ ನಡುವೆ ಇದ್ದದ್ದು ಅದೊಂದೇ.

"ಅಷ್ಟು ದೂರದಿಂದ ಯಾಕೆ ಬರ್ತಿದ್ರು?" ಅಂತ ಕೇಳಿದೆ.

"ಗುಡಿಸಲಿಗೆ ತೆರಿಗೆ. ಅದನ್ನು ನಗದಲ್ಲೇ ಕಟ್ಟಬೇಕು. ಊರಲ್ಲಿ ನಗದು ಎಲ್ಲಿತ್ತು?"

ಇನ್ನು ದಕ್ಷಿಣ ಆಫ್ರಿಕಾದ ಒಳಗಿನ ಕರಿಯರಿಗೆ 1913ರ ಕಾನೂನು ಬಿಟ್ಟದ್ದು ಶೇಕಡಾ 7ರಷ್ಟು ನೆಲ. ಗಣಿಗೆ ಬಂದವರಿಗೆ ತಿಂಗಳುಗಟ್ಟಲೆ ಕರಾರು. ವಾಸ ಕಾಂಪೌಂಡಿನಲ್ಲಿ, ಅಂದರೆ ಗಣಿಯವರ ಹಾಸ್ಟೆಲಿನಲ್ಲಿ, ಗಂಡಸರು ಮಾತ್ರ. ಹೆಂಡತಿ ಮಕ್ಕಳು ಊರಲ್ಲೇ ಇರಬೇಕು. ಅವರ ಹೊಟ್ಟೆ ಹೊಲ ನೋಡಿಕೊಳ್ಳುತ್ತೆ, ಕೂಲಿ ಕಡಿಮೆ ಇದ್ರೂ ಸಾಕು ಅನ್ನೋದು ಮಾಲೀಕರ ಲೆಕ್ಕ. 1946ರ ಆಗಸ್ಟ್‌ನಲ್ಲಿ ದಿನಕ್ಕೆ 10 ಶಿಲಿಂಗ್ ಕೊಡಿ ಅಂತ ಹತ್ತಾರು ಸಾವಿರ ಜನ ಕೆಲಸ ನಿಲ್ಲಿಸಿದರು. ಒಂದು ವಾರದೊಳಗೆ ಪೊಲೀಸರು ಬಡಿದು ಮತ್ತೆ ಗಣಿಗೆ ಇಳಿಸಿದರು. ಬೆಲೆ ಏರಿಕೆ ಕಳೆದು ನೋಡಿದರೆ, 1969ರಲ್ಲೂ ಕರಿಯ ಗಣಿಗಾರನ ಕೂಲಿ 1911ರದ್ದಕ್ಕಿಂತ ಜಾಸ್ತಿ ಇರಲಿಲ್ಲ. ಐವತ್ತೆಂಟು ವರ್ಷ!

ತಾತನ ಲೈನ್ ಮನೆ ಬೆಂಕಿಪೊಟ್ಟಣದಷ್ಟಿತ್ತು. ಮಳೆ ಬಂದರೆ ಒಳಗೂ ಮಳೆ. ಆದರೂ ಶಿಫ್ಟ್ ಮುಗಿಸಿ ಬಂದರೆ ಬಿಸಿನೀರು ಕಾಯಿಸಿಟ್ಟು ಬೈಯಲು ಅಜ್ಜಿ ಇರುತ್ತಿದ್ದಳು. ಅದೂ ಒಂದು ಕೂಲಿ ಅಂತ ನನಗೆ ಹೊಳೆದದ್ದು ಅವತ್ತೇ.

ಮೇಲೆ ಬಂದ ಮೇಲೆ ಗೈಡ್‌ಗೆ ತಾತನ ವಿಷಯ ಹೇಳಿದೆ. ಎಷ್ಟು ಆಳ ಅಂತ ಕೇಳ್ತಾರೆ ಅಂದ್ಕೊಂಡಿದ್ದೆ.

"ಕೆಮ್ಮು ಇತ್ತಾ?" ಅಂದರು.

ಇತ್ತು. ರಾತ್ರಿಯೆಲ್ಲ ಇತ್ತು.