ಟ್ಯಾಂಕರ್ ನೀರು ಬಂದ ದಿನ

ಕೋಲಾರ, 4 ಮೇ 2025, ಭಾನುವಾರ

ಬೋರ್‌ವೆಲ್ ಮೋಟಾರ್ ಸುಟ್ಟುಹೋಗಿದೆ. ಬೆಳಿಗ್ಗೆ ಟ್ಯಾಂಕರ್ ಹಾಕಿಸಿಕೊಂಡೆವು. ಟಮಕದ ನಮ್ಮ ಬೀದಿಯಲ್ಲಿ ಮೇ ತಿಂಗಳಲ್ಲಿ ಇದೇನೂ ದೊಡ್ಡ ಸುದ್ದಿಯಲ್ಲ. ಸಂಪು ತುಂಬಿತಲ್ಲ ಎಂದು ಮನೆಯವರೆಲ್ಲ ಹಗುರಾದರು. ನನಗೆ ಮಾತ್ರ ಹಾಲ್‌ನ ಮೂಲೆಯಲ್ಲಿರುವ ಮೀನಿನ ತೊಟ್ಟಿಯ ಚಿಂತೆ. ನಾವು ಕುಡಿಯುವುದು ಕ್ಯಾನ್ ನೀರು, ಸ್ನಾನಕ್ಕೆ ಯಾವುದಾದರೂ ನಡೆಯುತ್ತದೆ. ಮೀನಿಗೆ ಆ ಸೌಲಭ್ಯವಿಲ್ಲ. ಉಸಿರಾಡುವುದೂ ಅದೇ ನೀರಿನಲ್ಲಿ, ವಿಸರ್ಜನೆಯೂ ಅದೇ ನೀರಿಗೆ.

ನಮ್ಮ ಬೋರಿನ ನೀರನ್ನು ಬೈಯದವರು ಈ ಮನೆಯಲ್ಲಿ ಇಲ್ಲ. ಬೇಳೆ ಬೇಯುವುದಿಲ್ಲ ಎಂದು ಅತ್ತೆ, ಕೂದಲು ಉದುರುತ್ತದೆ ಎಂದು ಮಗಳು, ಗೀಸರ್ ಕಾಯಿಲ್ ಮತ್ತೆ ಹೋಯಿತು ಎಂದು ಯಜಮಾನರು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ದಾಟಿದ ಕೊಳವೆ ಬಾವಿಯ ನೀರು ಬಂಡೆಯೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ಕರಗಿಸಿಕೊಂಡೇ ಮೇಲೆ ಬರುತ್ತದೆ. ಗಪ್ಪಿ, ಮೋಲಿ, ಪ್ಲ್ಯಾಟಿಗಳಿಗೆ ಮಾತ್ರ ಈ ಗಡಸು ನೀರೇ ಹಿತ. ಅಮೆಜಾನ್ ಕಡೆಯ ಮೃದು ನೀರಿನ ನಿಯಾನ್ ಟೆಟ್ರಾವನ್ನು ತಂದು ಇಲ್ಲಿ ಸಾಕುತ್ತೇನೆ ಎಂದು ಹಟ ಹಿಡಿಯುವುದಕ್ಕಿಂತ, ಊರಿನ ನೀರಿಗೆ ಒಗ್ಗುವ ಮೀನನ್ನೇ ತರುವುದು ಒಳ್ಳೆಯದು. ನನ್ನ ತೊಟ್ಟಿಯಲ್ಲಿರುವುದೆಲ್ಲ ಗಪ್ಪಿಗಳೇ, ಅಷ್ಟೇನೂ ಬೆಲೆಯಿಲ್ಲದವು. ಮನೆಗೆ ಬಂದವರು ‘ಇಷ್ಟು ದೊಡ್ಡ ತೊಟ್ಟಿಗೆ ಇಷ್ಟು ಚಿಕ್ಕ ಮೀನೇ?’ ಎನ್ನುತ್ತಾರೆ. ಎನ್ನಲಿ.

ಟ್ಯಾಂಕರ್ ನೀರು ಯಾರ ತೋಟದ ಬೋರಿನದೋ ಗೊತ್ತಿಲ್ಲ. ಕೇಳಿದರೆ ಚಾಲಕ ‘ಸಿಹಿ ನೀರೇ ಅಕ್ಕ’ ಎಂದ. ಅವನ ನಾಲಿಗೆಯ ಮೇಲೆ ನನಗೆ ಅನುಮಾನವಿಲ್ಲ, ಆದರೂ ಗಡಸುತನದ ಕಿಟ್ ತೆಗೆದೆ. ಗಾಜಿನ ಕೊಳವೆಯಲ್ಲಿ ಐದು ಮಿಲಿಲೀಟರ್ ನೀರು ಹಿಡಿದು, ಹನಿ ಹಾಕಿ ಅಲುಗಾಡಿಸುತ್ತಾ ಹೋದರೆ ಕಿತ್ತಳೆ ಬಣ್ಣ ಒಂದು ಹನಿಗೆ ಥಟ್ಟನೆ ಹಸಿರಾಗುತ್ತದೆ. ಹನಿಗೆ ಒಂದು ಡಿಗ್ರಿ ಗಡಸುತನ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 18 ಮಿಲಿಗ್ರಾಂ. ನಮ್ಮ ತೊಟ್ಟಿಯ ನೀರು 22 ಹನಿ ಕುಡಿಯಿತು, ಟ್ಯಾಂಕರಿನದು 14ಕ್ಕೇ ಬಣ್ಣ ತಿರುಗಿತು. ಕುಡಿಯಲು ಎರಡರಲ್ಲಿ ಇದೇ ವಾಸಿ. ಆದರೆ ಗಡಸು ನೀರಿಗೆ ಹೊಂದಿಕೊಂಡ ಮೀನಿನ ಮೇಲೆ ಇದನ್ನು ಒಮ್ಮೆಗೇ ಸುರಿದರೆ ಅದರ ಮೈಯೊಳಗಿನ ಉಪ್ಪಿನ ಲೆಕ್ಕವೇ ತಪ್ಪುತ್ತದೆ. ಹಾಗಾಗಿ ಈ ವಾರ ಮಾಡಬೇಕಾದ ಕಾಲು ಭಾಗದ ನೀರು ಬದಲಾವಣೆಯನ್ನು ಒಂದೇ ದಿನ ಮಾಡದೆ, ದಿನಕ್ಕೆ ಒಂದೆರಡು ತಂಬಿಗೆಯಂತೆ ಹಂಚಿಬಿಡುತ್ತೇನೆ.

ಸಂಪಿನಿಂದ ಬ್ಲೀಚಿಂಗ್ ಪುಡಿಯ ವಾಸನೆಯೂ ಸಣ್ಣಗೆ ಬರುತ್ತಿತ್ತು. ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ತೊಟ್ಟಿಯ ನೀರು ಸೋಸುವ ಸ್ಪಂಜಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಬಿಡುವುದಿಲ್ಲ. ಎರಡು ಬಕೆಟ್ ನೀರು ತುಂಬಿ, ಮುಚ್ಚದೆ, ಏರ್ ಪಂಪಿನ ಕಲ್ಲು ಇಳಿಬಿಟ್ಟು ಹಿತ್ತಲಲ್ಲಿ ಇಟ್ಟಿದ್ದೇನೆ. ನಾಳೆಯ ಹೊತ್ತಿಗೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯ ಆಂಟಿ ಕ್ಲೋರಿನ್ ದ್ರಾವಣ ಸಾಕು; ಸಾಮಾನ್ಯವಾಗಿ ಅದರಲ್ಲಿ ಇರುವುದು ಸೋಡಿಯಂ ಥಯೋಸಲ್ಫೇಟ್. ಬೋರಿನ ನೀರಿಗೆ ಕ್ಲೋರಿನ್ ಇಲ್ಲದಿದ್ದರೂ ಒಂದು ರಾತ್ರಿ ಗಾಳಿಯಾಡಿಸುವುದು ನನ್ನ ಪದ್ಧತಿ. ಅಷ್ಟು ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಪೈಪಿನಿಂದ ಬರುವಾಗ ಬೆಚ್ಚಗೂ ಇರುತ್ತದೆ.

‘ಇಷ್ಟೆಲ್ಲ ಯಾಕೆ, ಅಂತರಗಂಗೆ ಬೆಟ್ಟದ ದೇವಸ್ಥಾನದಿಂದ ಎರಡು ಬಿಂದಿಗೆ ತರಿಸಬಾರದೇ?’ ಎಂದರು ಅತ್ತೆ. ಬಸವನ ಬಾಯಿಂದ ಬೀಳುವ ನೀರಿಗೂ ಇದೇ ಕಿಟ್ ಹಿಡಿಯಬೇಕಾಗುತ್ತದೆ ಎಂದೆ. ದೇವರ ನೀರನ್ನು ಪರೀಕ್ಷೆ ಮಾಡುವವಳು ಎಂಬ ನೋಟವೊಂದು ಬಂತು.

ಮಧ್ಯಾಹ್ನ ಎದುರು ಮನೆಯ ಹುಡುಗ ಓಡಿ ಬಂದ. ‘ಆಂಟಿ, ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿವೆ.’ ಹೋಗಿ ನೋಡಿದರೆ ತೊಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಅವರಮ್ಮ ಕಲ್ಲು, ಸ್ಪಂಜು, ಪ್ಲಾಸ್ಟಿಕ್ ಗಿಡ ಎಲ್ಲವನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದು, ಪೂರ್ತಿ ಹೊಸ ನೀರು ತುಂಬಿದ್ದಾರೆ. ಮೀನು ಮಂಕಾದಾಗ ಅಂಗಡಿಯವರು ಒಂದು ನೀಲಿ ಔಷಧಿ ಕೊಟ್ಟಿದ್ದಾರೆ. ಆ ಮೆಥಿಲೀನ್ ಬ್ಲೂ ಬೇರೆ ಪಾತ್ರೆಯಲ್ಲಿ ರೋಗಕ್ಕೆ ಸರಿ; ತೊಟ್ಟಿಗೇ ಸುರಿದರೆ ಅಳಿದುಳಿದ ಬ್ಯಾಕ್ಟೀರಿಯಾವೂ ಸಾಯುತ್ತದೆ. ಅದೃಷ್ಟಕ್ಕೆ ಇನ್ನೂ ಹಾಕಿರಲಿಲ್ಲ. ಅವರ ನೀರಿಗೆ ಅಮೋನಿಯಾ ಕಿಟ್ಟಿನ ಹನಿ ಬಿಟ್ಟೆ. ಹಳದಿಯಾಗಿಯೇ ಉಳಿಯಬೇಕಾದದ್ದು ನಿಮಿಷಗಳಲ್ಲಿ ಎಲೆ ಹಸಿರಿಗೆ ತಿರುಗಿತು.

ಮೀನು ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ, ಉಳಿದ ಆಹಾರ ಕೊಳೆತರೂ ಅದೇ. ಸ್ಪಂಜಿನಲ್ಲಿ ಬೀಡುಬಿಟ್ಟ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದನ್ನು ವಾರವಾರದ ನೀರು ಬದಲಾವಣೆ ನೋಡಿಕೊಳ್ಳುತ್ತದೆ. ಹೊಸ ತೊಟ್ಟಿಯಲ್ಲಿ ಈ ಸಂಸಾರ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಕಡೆ ಇನ್ನೊಂದು ತೊಡಕು, ಗಡಸು ನೀರಿನ ಪಿಎಚ್ (ಆಮ್ಲ–ಕ್ಷಾರದ ಅಳತೆ) ಹೆಚ್ಚು: ಪಿಎಚ್ 7ರ ನೀರಿನಲ್ಲಿ ಅಮೋನಿಯಾದ ಅರ್ಧ ಶೇಕಡಾದಷ್ಟು ಮಾತ್ರ ವಿಷದ ರೂಪದಲ್ಲಿದ್ದರೆ, ಪಿಎಚ್ 8ರಲ್ಲಿ ಅದು ಸುಮಾರು ಶೇ 5. ಮೆತ್ತನೆಯ ನೀರಿನ ಊರಿನಲ್ಲಿ ತಡೆದುಕೊಳ್ಳುವ ಮೀನು ಇಲ್ಲಿ ಬಾಯಿ ಬಡಿಯುತ್ತದೆ. ಹಾಗೆಂದು ಆರ್‌ಒ ನೀರು ತುಂಬಿಸಿದರೆ ಆಯಿತೇ? ಅಮೋನಿಯಾ ತಿನ್ನುವಾಗ ಆ ಬ್ಯಾಕ್ಟೀರಿಯಾ ನೀರಿನ ಕ್ಷಾರಗುಣವನ್ನೂ ಖರ್ಚು ಮಾಡುತ್ತದೆ. ಆರ್‌ಒ ನೀರಿನಲ್ಲಿ ಆ ದಾಸ್ತಾನೇ ಇಲ್ಲ. ಪಿಎಚ್ ಕುಸಿದು, ಅವುಗಳ ಕೆಲಸವೇ ನಿಂತುಹೋಗುತ್ತದೆ. ನಾವು ಬೈಯುವ ಉಪ್ಪು ಗಂಟಿನಂತೆ ಕೂಡಿಟ್ಟ ಬಂಡವಾಳ.

ಅವರ ಮೂರನೇ ಒಂದು ಭಾಗದಷ್ಟು ನೀರು ತೆಗೆದು, ಕ್ಲೋರಿನ್ ಇಳಿಸಿದ ನೀರು ತುಂಬಿಸಿ, ಎರಡು ದಿನ ಆಹಾರ ಬೇಡ ಎಂದೆ. ಆಮೇಲೆ ನನ್ನ ಸ್ಪಂಜನ್ನು ನನ್ನ ತೊಟ್ಟಿಯ ನೀರಿದ್ದ ಮಗ್ಗಿನಲ್ಲೇ ಹಿಂಡಿದೆ. ಕಾಫಿ ಬಣ್ಣದ, ಮಣ್ಣಿನ ವಾಸನೆಯ ರಸ. ಕೊಳೆತ ವಾಸನೆ ಬರಬಾರದು, ಬಂದರೆ ಒಳಗೆ ಗಾಳಿಯಾಡುತ್ತಿಲ್ಲ ಎಂದರ್ಥ. ಹುಡುಗ ಮೂಗು ಮುಚ್ಚಿಕೊಂಡ. ‘ಈ ಗಲೀಜನ್ನು ನಮ್ಮ ತೊಟ್ಟಿಗೆ ಹಾಕುತ್ತೀರಾ?’ ಎಂದರು ಅವರಮ್ಮ. ‘ಹೆಪ್ಪು ಅಕ್ಕ, ನಿಮ್ಮ ಮನೆಯಲ್ಲಿ ಇಲ್ಲ, ಅದಕ್ಕೆ ನಮ್ಮ ಮನೆಯಿಂದ’ ಎಂದೆ. ಪಕ್ಕದ ಮನೆಯಿಂದ ಹೆಪ್ಪು ತಂದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ರೋಗವಿರುವ ತೊಟ್ಟಿಯಿಂದ ಮಾತ್ರ ಹೀಗೆ ತರಬಾರದು. ಇನ್ನು ಮೇಲೆ ಸ್ಪಂಜನ್ನು ನಲ್ಲಿಗೆ ಹಿಡಿಯಬೇಡಿ ಎಂದು ಎರಡೆರಡು ಸಲ ಹೇಳಿ ಬಂದೆ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಎರಡನೇ ಹಂತದ ಶುದ್ಧೀಕರಣ ಸಾಕೇ, ಮೂರನೇ ಹಂತವೂ ಬೇಕೇ ಎಂಬ ಜಗಳ ಇಲ್ಲಿ ಚಹಾ ಅಂಗಡಿಗಳವರೆಗೂ ಮುಟ್ಟಿದೆ. ಎರಡನೇ ಹಂತವೆಂದರೆ ಗಾಳಿ ಊದಿ ಸೂಕ್ಷ್ಮಜೀವಿಗಳಿಂದ ಕೊಳೆ ತಿನ್ನಿಸುವುದು, ನನ್ನ ಸ್ಪಂಜಿನ ಕೆಲಸವೇ. ನನ್ನ ತೊಟ್ಟಿಯ ಮೂರನೇ ಹಂತ ಒಂದು ಮನಿಪ್ಲಾಂಟ್: ಬೇರು ನೀರಿಗೆ, ಎಲೆ ಹೊರಗೆ, ನೈಟ್ರೇಟ್ ಹೀರಿಕೊಂಡು ಕಿಟಕಿಯವರೆಗೂ ಹಬ್ಬಿದೆ. ತೆಗೆದ ಹಳೆಯ ನೀರು ಕರಿಬೇವಿಗೆ. ಕೆರೆಗಳ ವಿಷಯದಲ್ಲಿ ನಾನು ಮೂರನೇ ಹಂತದವರ ಪಕ್ಷ.

ಬಿಸಿಲಿಗೆ ನೀರು ದಿನಾ ಇಳಿಯುತ್ತಿದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದು ಗಾಜಿನ ಮೇಲೆ ಬಿಳಿ ಪಟ್ಟಿ ಕಟ್ಟುತ್ತದೆ. ಇಳಿದಷ್ಟನ್ನು ತುಂಬಲು ಮಾತ್ರ ಆರ್‌ಒ ನೀರು ಬಳಸುತ್ತೇನೆ, ಅದರ ಉಪಯೋಗ ಅಲ್ಲಿಗೆ ಮುಗಿಯಿತು. ಯಂತ್ರ ಹೊರಹಾಕುವ ನೀರು ಉಪ್ಪಿನ ಸಾರ, ಅದು ಶೌಚಾಲಯಕ್ಕೆ.

ಸಂಜೆ ಒಂದು ಗಂಟೆ ಕರೆಂಟ್ ಹೋಗಿತ್ತು. ನೀರು 30 ಡಿಗ್ರಿ ಮುಟ್ಟಿದಾಗ ಆಮ್ಲಜನಕವೂ ಕಡಿಮೆ ಕರಗುತ್ತದೆ. ಮಗಳು ಮಗ್ಗಿನಲ್ಲಿ ನೀರೆತ್ತಿ ಎತ್ತರದಿಂದ ಸುರಿಯುತ್ತಾ ಕುಳಿತಳು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ, ಶೆಲ್ಫಿನ ಮೇಲಿಟ್ಟಿದ್ದೇವೆ. ಕೆಳಗಿದ್ದರೆ ಕರೆಂಟ್ ಹೋದಾಗ ಕೊಳವೆಯ ಮೂಲಕ ನೀರು ಹಿಂದಕ್ಕೆ ಇಳಿದು ಪಂಪಿಗೇ ಸೇರುತ್ತದೆ.

ಮೋಟಾರಿನವರು ನಾಳೆ ಬರುತ್ತಾರಂತೆ. ಪೈಪು ಎತ್ತಿ ಹೊಸದಾಗಿ ಅಂಟು ಹಾಕಿ ಇಳಿಸಿದರೆ ಮೊದಲು ಬರುವ ನೀರಿನಲ್ಲಿ ಅಂಟು, ಗ್ರೀಸು ಎರಡೂ ಇರುತ್ತವೆ. ಅದನ್ನು ಅಂಗಳಕ್ಕೆ ಬಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ತೊಟ್ಟಿಗೆ ಟ್ಯಾಂಕರ್ ನೀರೇ.