ಸದ್ದಿಲ್ಲದ ಕೋವಿ ಹುಡುಕಿಕೊಂಡು ಮೈಸೂರಿಗೆ ಹೋಗಿದ್ದು

17 ನವೆಂಬರ್ 2024, ಭಾನುವಾರ, ರಾತ್ರಿ 9.30
ಮಳವಳ್ಳಿ ತಾಲ್ಲೂಕು

ತಾಯಿ ಕುರಿ ಇನ್ನೂ ಕೂಗುತ್ತಿದೆ. ಗುರುವಾರ ಬೆಳಗಿನ ಜಾವದಿಂದ ಹೀಗೇ. ಮೇವು ತಿನ್ನುತ್ತದೆ, ನೀರು ಕುಡಿಯುತ್ತದೆ, ಆಮೇಲೆ ಹೋಗಿ ಕಬ್ಬಿನ ಗದ್ದೆ ಕಡೆ ಮುಖ ಮಾಡಿ ನಿಲ್ಲುತ್ತದೆ. ಅದರ ಕೂಗು ಕೇಳಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಆವತ್ತು ಎರಡು ಮರಿ ಸತ್ತು ಬಿದ್ದಿದ್ದವು. ಮೂರನೆಯದು ಸಿಗಲೇ ಇಲ್ಲ. ಮೂರೂ ಬಂಡೂರು ಮರಿಗಳು, ಎರಡು ತಿಂಗಳೂ ತುಂಬಿರಲಿಲ್ಲ. ಬಂಡೂರು ಕುರಿ ನಮ್ಮ ತಾಲ್ಲೂಕಿನದೇ ತಳಿ. ಗಿಡ್ಡ ಕಾಲು, ಪೀಪಾಯಿ ಹಾಗೆ ದುಂಡನೆ ಮೈ. ಹಿಂದಿನಿಂದ ನೋಡಿದರೆ ಸಣ್ಣ ಕಮಾನು ನಿಂತ ಹಾಗಿರುತ್ತದೆ. ಆ ಮೈಗೇ ಅದಕ್ಕೆ ಅಷ್ಟು ಬೆಲೆ. ಆದರೆ ಆ ಕಾಲಿನಲ್ಲಿ ಓಡಿ ತಪ್ಪಿಸಿಕೊಳ್ಳುವುದು ಆಗದ ಮಾತು.

ನನಗೆ ಎಚ್ಚರವೇ ಆಗಲಿಲ್ಲ. ಅದೇ ಹೊಟ್ಟೆಯೊಳಗೆ ಕೊರೆಯುತ್ತಿರುವುದು. ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟ್ ಬಂದಿತ್ತು, ಪಂಪ್‌ಸೆಟ್ ಓಡುತ್ತಿತ್ತು. ಮೋಟಾರಿನ ಸದ್ದಿನಲ್ಲಿ ಮರಿಗಳ ಕೂಗು ಮುಚ್ಚಿಹೋಯಿತು. ಬಾಗಿಲು ತೆಗೆದಾಗ ಬೆಳದಿಂಗಳಿನ್ನೂ ಇತ್ತು. ದೊಡ್ಡಿಯ ಮೂಲೆಯಲ್ಲಿ ಬೇಲಿ ಕೆಳಗೆ ಮಣ್ಣು ಕೆರೆದ ಗುಂಡಿ ಕಂಡಿತು. ಆಮೇಲೆ ಮರಿಗಳು ಕಂಡವು.

ನರಿಯೇ ಅಂದುಕೊಂಡೆ. ಸಂಜೆ ಆದರೆ ನಾಲೆಯ ಆಚೆಯಿಂದ ಊಳಿಡುವುದು ದಿನವೂ ಕೇಳುತ್ತದಲ್ಲ. ಸಿಟ್ಟು ಎಷ್ಟಿತ್ತು ಅಂದರೆ, ಮರಿಗಳನ್ನು ಹೂತು ಬಂದ ಕೂಡಲೇ ತಮ್ಮನಿಗೆ ಫೋನ್ ಮಾಡಿದೆ. ಅವನಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಊರಾಚೆ ಐದು ಎಕರೆ ಜಾಗದಲ್ಲಿ. ಕೋಳಿ, ಮೇಕೆ ಸಾಕಿದ್ದಾನೆ. ಅಲ್ಲಿ ಕಯೋಟಿ ಅಂತ ನಮ್ಮ ನರಿಗಿಂತ ಸ್ವಲ್ಪ ದೊಡ್ಡ ಪ್ರಾಣಿ ಬರುತ್ತದೆ. ಅದಕ್ಕೆಂದೇ ಅವನು ಸದ್ದು ಕಮ್ಮಿ ಇರುವ ರೈಫಲ್ ಆರಿಸಿ ಇಟ್ಟುಕೊಂಡಿದ್ದಾನೆ. ನನಗೂ ಅಂಥದ್ದೊಂದು ಬೇಕು, ಮಕ್ಕಳು ಹೆದರಬಾರದು, ಅಕ್ಕಪಕ್ಕದವರಿಗೆ ಗೊತ್ತಾಗಬಾರದು ಅಂದೆ. ಹೀಗೇ ಹೇಳಿದೆ. ಆ ಮಾತು ಆಮೇಲೆ ನನ್ನನ್ನು ಬಿಡಲಿಲ್ಲ.

ತಮ್ಮ ಸುಮಾರು ಒಂದು ಗಂಟೆ ವಿವರಿಸಿದ. ಬಂದೂಕಿನಿಂದ ಬರುವುದು ಒಂದೇ ಸದ್ದಲ್ಲವಂತೆ. ಒಂದು, ನಳಿಗೆಯ ಬಾಯಿಂದ ಬಿಸಿ ಗಾಳಿ ನುಗ್ಗುವಾಗಿನ ಸ್ಫೋಟ. ಇನ್ನೊಂದು, ಗುಂಡು ಶಬ್ದಕ್ಕಿಂತ ವೇಗವಾಗಿ ಓಡುವಾಗ ಗಾಳಿಯಲ್ಲಿ ಹುಟ್ಟುವ ಚಟ್ ಅನ್ನುವ ಸದ್ದು. ನಳಿಗೆಯ ತುದಿಗೆ ಹಾಕುವ ಸೈಲೆನ್ಸರ್ ತಡೆಯುವುದು ಮೊದಲನೆಯದನ್ನು ಮಾತ್ರ. ಎರಡನೆಯದು ಬೇಡ ಅಂದರೆ ಗುಂಡೇ ನಿಧಾನದ್ದಾಗಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದಕ್ಕೇ ಅವನದು ಪಾಯಿಂಟ್ 22 ಬೋರಿನ, ಅಂದರೆ ನಳಿಗೆಯ ಒಳ ಅಗಲ ಸುಮಾರು 0.22 ಇಂಚು ಇರುವ ಬೋಲ್ಟ್ ರೈಫಲ್, ಅದಕ್ಕೆ ಸೆಕೆಂಡಿಗೆ 320 ಮೀಟರ್ ಆಸುಪಾಸಿನ ನಿಧಾನದ ಗುಂಡು. ತಾನೇ ಗುಂಡು ತುಂಬಿಕೊಳ್ಳುವ ರೈಫಲ್ ಆದರೆ ಅದರ ಕಬ್ಬಿಣ ಹಿಂದೆ ಮುಂದೆ ಓಡುವ ಸದ್ದೂ ಸೇರುತ್ತದೆ. ಕೈಯಿಂದ ಎಳೆಯುವ ಬೋಲ್ಟಿನಲ್ಲಿ ಆ ಕಾಟವಿಲ್ಲ.

ಇಷ್ಟಾದರೂ ಪೂರಾ ಮೌನ ಸಿಗುವುದಿಲ್ಲ ಅಂದ. ಪಾಯಿಂಟ್ 22ರ ಸದ್ದು ಸುಮಾರು 140 ಡೆಸಿಬಲ್. ಸೈಲೆನ್ಸರ್ ಅದನ್ನು 20–30 ಡೆಸಿಬಲ್ ಇಳಿಸುತ್ತದೆ, ಅಷ್ಟೇ. ಕಿವಿ ಉಳಿಯುತ್ತದೆ, ಮಲಗಿದ ಮಗು ಏಳದೆ ಇರಬಹುದು. ಅಲ್ಲೂ ಅದು ಸುಮ್ನೆ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. 1934ರ ಕಾನೂನಿನ ಪ್ರಕಾರ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು.

ಕೊನೆಗೆ ಅವನೊಂದು ಮಾತು ಹೇಳಿದ. ‘ಅಕ್ಕ, ಗುಂಡು ಹೊಡೆಯೋಕೆ ಮೊದಲು ಅದು ತಪ್ಪಿದರೆ ಎಲ್ಲಿ ಹೋಗಿ ನಿಲ್ಲುತ್ತೆ ಅಂತ ನೋಡ್ಕೊ.’ ಪಾಯಿಂಟ್ 22ರ ಗುಂಡಿನ ಡಬ್ಬಿಯ ಮೇಲೇ ಒಂದೂವರೆ ಮೈಲಿವರೆಗೆ ಅಪಾಯ ಅಂತ ಅಚ್ಚು ಹಾಕಿರುತ್ತಾರಂತೆ. ಅಂದರೆ ಸುಮಾರು 2.4 ಕಿಲೋಮೀಟರ್. ನಿಧಾನದ ಸೀಸದ ಗುಂಡು ನೀರಿಗೋ ಕಲ್ಲಿಗೋ ತಾಗಿದರೆ ಚಿಮ್ಮಿ ಬೇರೆ ದಿಕ್ಕಿಗೆ ಹೋಗುತ್ತದೆ. ಅವನ ಮನೆ ಹಿಂದೆ ಒಂದು ಮಣ್ಣಿನ ದಿಬ್ಬ ಇದೆ. ಆ ದಿಬ್ಬದ ಕಡೆಗೆ ಬಿಟ್ಟು ಬೇರೆ ಕಡೆ ಅವನು ಗುಂಡು ಹಾರಿಸಿಯೇ ಇಲ್ಲ.

ಫೋನ್ ಇಟ್ಟು ಹಿತ್ತಲಿಗೆ ಹೋಗಿ ನಿಂತು ನೋಡಿದೆ. ದೊಡ್ಡಿ ಆದ ಮೇಲೆ ನಾಲೆ, ನೀರು ತುಂಬಿ ಹರಿಯುತ್ತಿದೆ. ನಾಲೆ ದಾಟಿದರೆ ಕಬ್ಬು. ಕಬ್ಬಿನ ಆಚೆ ಕಟಾವಿಗೆ ಬಂದವರ ಗುಡಾರಗಳು. ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಾರೆ, ರಾತ್ರಿ ಅಲ್ಲೇ ನೆಲದ ಮೇಲೆ ಮಲಗುತ್ತಾರೆ. ನಮ್ಮ ಹಿತ್ತಲಲ್ಲಿ ದಿಬ್ಬ ಇಲ್ಲ.

ಆದರೂ ನಿನ್ನೆ ಮೈಸೂರಿಗೆ ಹೋದೆವು. ಸಿಟ್ಟು ಅಷ್ಟು ಬೇಗ ಇಳಿಯುವುದಿಲ್ಲ, ಅಲ್ವಾ. ಬಂದೂಕಿನ ಅಂಗಡಿಯವರು ವಯಸ್ಸಾದವರು, ತಾಳ್ಮೆಯಿಂದ ಮಾತಾಡಿದರು. ಸೈಲೆನ್ಸರ್ ಅನ್ನುವ ಮಾತು ಕೇಳಿದ ಕೂಡಲೇ ಕೈ ಎತ್ತಿ ತಡೆದರು. ಸದ್ದು ಅಡಗಿಸುವ ಸಾಧನ ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ ಮೊದಲ ವರ್ಗಕ್ಕೆ ಸೇರಿದ್ದು, ಜನಸಾಮಾನ್ಯರು ಇಟ್ಟುಕೊಳ್ಳುವ ಹಾಗೇ ಇಲ್ಲ. ಪಾಯಿಂಟ್ 22 ರೈಫಲ್ ಆಗಲಿ, ಇಶಾಪುರ ಕಾರ್ಖಾನೆಯ ಪಾಯಿಂಟ್ 315 ಆಗಲಿ, ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು, ಪೊಲೀಸ್ ವಿಚಾರಣೆ ಆಗಬೇಕು, ಸುರಕ್ಷತೆಯ ತರಬೇತಿ ಮುಗಿಸಬೇಕು. ಪಾಯಿಂಟ್ 315ರ ಸದ್ದು ಅಂತೂ ಊರಿಗೇ ಕೇಳುತ್ತದೆ.

ಹಾಗಾದರೆ ಏರ್‌ಗನ್? ಅದಕ್ಕೆ ಲೈಸೆನ್ಸ್ ಬೇಡ ಅಂತ ನಮ್ಮವರು ಕೇಳಿದ್ದರು. 2016ರ ನಿಯಮದ ಪ್ರಕಾರ 4.5 ಮಿಲಿಮೀಟರ್ ಬೋರ್, 20 ಜೂಲ್ ಶಕ್ತಿ ದಾಟದಿದ್ದರೆ ಬೇಡ, ನಿಜ. ಅಂಗಡಿಯವರು ಒಂದನ್ನು ತೆಗೆದು ಕೈಗೆ ಕೊಟ್ಟರು. ಹಗುರವಾಗಿತ್ತು. ಸದ್ದೂ ಕಮ್ಮಿಯೇ. ‘ಟಿನ್ ಡಬ್ಬಕ್ಕೆ ಹೊಡೆಯಲು ಚೆನ್ನಾಗಿದೆ. ನರಿಗೆ ಹೊಡೆದರೆ ಸಾಯೋದಿಲ್ಲಮ್ಮ, ಗುಂಡು ಮೈಯೊಳಗೆ ಕೂತು ಕೀವಾಗಿ ಕಬ್ಬಿನೊಳಗೆ ನಾಲ್ಕೈದು ದಿನ ನರಳುತ್ತೆ’ ಅಂದರು. ತಮ್ಮನ ಪಾಯಿಂಟ್ 22ಕ್ಕೆ ಇದರ ಆರೇಳು ಪಟ್ಟು ಶಕ್ತಿ ಇರುತ್ತದೆ. ಅದನ್ನೂ ದೊಡ್ಡ ಕಯೋಟಿಗೆ ಹತ್ತಿರದಿಂದ ಮಾತ್ರ ಬಳಸುತ್ತೇನೆ ಅಂದಿದ್ದ. ನಾನು ಗನ್ ವಾಪಸ್ ಇಟ್ಟೆ.

ಇನ್ನೊಂದು ವಿಷಯವನ್ನೂ ಅವರೇ ಹೇಳಿದರು. ಯಾವ ಬಂದೂಕಿದ್ದರೂ ನರಿಗೆ ಹೊಡೆಯುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದ ಮೇಲೆ ನರಿಯೂ ಮೊದಲ ಶೆಡ್ಯೂಲಿಗೆ ಸೇರಿದೆ, ಹುಲಿ, ಚಿರತೆ ಇರುವ ಪಟ್ಟಿಗೆ. ಹೊಡೆದರೆ ಕನಿಷ್ಠ ಮೂರು ವರ್ಷ ಜೈಲು. ಮೇಲುಕೋಟೆ ಕಾಡನ್ನು ತೋಳಕ್ಕೆಂದು 1974ರಲ್ಲಿ ವನ್ಯಜೀವಿಧಾಮ ಮಾಡಿದ್ದು ಗೊತ್ತಿತ್ತು. ನಮ್ಮ ಹಿತ್ತಲಿನ ನರಿಗೂ ಇಷ್ಟು ರಕ್ಷಣೆ ಇದೆ ಅಂತ ಗೊತ್ತಿರಲಿಲ್ಲ.

ವಾಪಸ್ ಬರುವಾಗ ದಾರಿಯಲ್ಲಿ ಪಶು ಆಸ್ಪತ್ರೆಯ ಡಾಕ್ಟರರ ಮನೆಗೆ ಹೋಗಿ ಮೊಬೈಲ್‌ನಲ್ಲಿ ಮರಿಗಳ ಫೋಟೋ ತೋರಿಸಿದೆ. ಅವರು ಫೋಟೋ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದರು. ಹಿಂಗಾಲು, ತೊಡೆ, ಬಾಲದ ಬುಡ, ಎಲ್ಲ ಕಡೆ ಕಚ್ಚಿದ ಗಾಯ. ಉಣ್ಣೆ ಕಿತ್ತು ಚೆಲ್ಲಾಡಿದೆ. ಆದರೆ ತಿಂದಿಲ್ಲ. ನರಿಯಾದರೆ ಕುತ್ತಿಗೆಗೆ ಬಾಯಿ ಹಾಕುತ್ತದೆ, ಒಂದನ್ನು ಕೊಂದು ಹೊತ್ತುಕೊಂಡು ಹೋಗುತ್ತದೆ ಅಂದರು. ಚಿರತೆಯಾಗಿದ್ದರೆ ಗಂಟಲಲ್ಲಿ ಕೋರೆಹಲ್ಲಿನ ತೂತು ಇರುತ್ತಿತ್ತು. ‘ಇದು ನಾಯಿಗಳ ಕೆಲಸ. ಮೂರ್ನಾಲ್ಕು ಸೇರಿ ಬಂದಿವೆ. ಕಾಣೆಯಾದ ಮರಿ ಮಾತ್ರ ನರಿ ಪಾಲಾಗಿರಬಹುದು.’

ನಾನು ಮಾತಾಡಲಿಲ್ಲ. ಮೂರು ದಿನ ನರಿಯನ್ನು ಬೈದಿದ್ದೆ. ಕಬ್ಬಿನ ಬುಡ ಕಡಿಯುವ ಇಲಿ ಹೆಗ್ಗಣಗಳನ್ನು ತಿಂದುಕೊಂಡು ನಾಲೆಯಾಚೆ ಇರುವ ಪ್ರಾಣಿಯನ್ನು. ರಸ್ತೆ ಬದಿ ಹಳ್ಳಕ್ಕೆ ಕೋಳಿ ಅಂಗಡಿಯ ಕಸ ತಂದು ಸುರಿಯುತ್ತಾರೆ. ಅಲ್ಲಿ ಹದಿನೈದು ಇಪ್ಪತ್ತು ನಾಯಿ ಬೆಳೆದಿವೆ. ಅವುಗಳನ್ನು ದಿನಾ ನೋಡುತ್ತೇನೆ. ನಾಯಿ ಇರುವ ಕಡೆಗೆ ಅವನ್ನು ಹಿಡಿಯಲು ಚಿರತೆಯೂ ಬರುತ್ತದೆ. ನಮ್ಮ ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ನಾಲ್ಕು ಜನರನ್ನು ಚಿರತೆ ಕೊಂದಿತು. ಆ ಚಳಿಗಾಲ ಇಲ್ಲಿ ಯಾರೂ ಕತ್ತಲಾದ ಮೇಲೆ ಒಂಟಿಯಾಗಿ ಹೊರಗೆ ಹೋಗುತ್ತಿರಲಿಲ್ಲ. ಆ ಕಸದ ಬಗ್ಗೆ ಪಂಚಾಯಿತಿಗೆ ಬರೆದುಕೊಡಬೇಕು ಅಂತ ಆಗಲೇ ಅಂದುಕೊಂಡಿದ್ದೆ. ಬರೆದುಕೊಡಲಿಲ್ಲ. ಇವತ್ತು ಬರೆದಿದ್ದೇನೆ. ಕಸ ನಿಲ್ಲಬೇಕು, ನಾಯಿಗಳಿಗೆ ಸಂತಾನಹರಣ ಮತ್ತು ರೇಬೀಸ್ ಲಸಿಕೆ ಆಗಬೇಕು. ನಾಡಿದ್ದು ನಾನೇ ಹೋಗಿ ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸಿಕೊಂಡು ಬರುತ್ತೇನೆ.

ನಿನ್ನೆ ರಾತ್ರಿ ಅತ್ತೆಗೆ ಎಲ್ಲ ಹೇಳಿದೆ. ನಮ್ಮ ಮನೆಯಲ್ಲೂ ಒಂದು ಕೋವಿ ಇತ್ತು. ಮಾವನವರದು, ಒಂಟಿ ನಳಿಗೆಯದು, ಬೆಳೆ ಕಾಯಲು ಲೈಸೆನ್ಸ್ ಪಡೆದದ್ದು. ಪ್ರತಿ ಚುನಾವಣೆಗೂ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ಆಮೇಲೆ ತರುವುದೇ ಒಂದು ಕೆಲಸವಾಗಿತ್ತು. ಅವರು ಹೋದ ಮೇಲೆ ಪೂರ್ತಿ ಒಪ್ಪಿಸಿಬಿಟ್ಟೆವು. ಅವರು ಅದರಲ್ಲಿ ಒಂದು ಪ್ರಾಣಿಯನ್ನೂ ಕೊಂದಿದ್ದನ್ನು ಅತ್ತೆ ನೋಡಿಲ್ಲ. ಹಂದಿ ಬಂದರೆ ಆಕಾಶಕ್ಕೆ ಒಂದು ಈಡು ಹೊಡೆಯುತ್ತಿದ್ದರಂತೆ. ಆ ಸದ್ದಿಗೆ ಹಂದಿ ಓಡುತ್ತಿತ್ತು, ಅಕ್ಕಪಕ್ಕದ ಗದ್ದೆಯವರು ಎದ್ದು ಕೂ ಹಾಕುತ್ತಿದ್ದರು, ತಗಡು ಬಡಿಯುತ್ತಿದ್ದರು.

‘ಅಲ್ಲ ಕಣವ್ವ, ಸದ್ದೇ ಬರ್ದಿದ್ ಕೋವಿ ತಕ್ಕಂಡು ಏನ್ ಮಾಡೀಯೆ? ಸದ್ದಾದ್ರೆ ತಾನೆ ನಾಕ್ ಜನ ಬರಾದು’ ಅಂದರು.

ಅಕ್ಕಪಕ್ಕದವರಿಗೆ ಗೊತ್ತಾಗಬಾರದು ಅಂತ ನಾನು ತಮ್ಮನಿಗೆ ಹೇಳಿದ್ದು ಆಗ ನೆನಪಾಯಿತು. ತಮ್ಮನಿಗೆ ಸದ್ದು ಬೇಡವಾಗಿದ್ದು ಕಿವಿಗೋಸ್ಕರ, ಮಲಗಿದ ಮಗುವಿಗೋಸ್ಕರ. ಅಲ್ಲಿ ಅವನು ಮಾಡುವುದು ಕಾನೂನಿನೊಳಗಿನ ಕೆಲಸ. ನನಗೆ ಬೇಡವಾಗಿದ್ದು ಯಾರಿಗೂ ತಿಳಿಯಬಾರದು ಅಂತ. ತಪ್ಪು ಅಂತ ಒಳಗೆಲ್ಲೋ ಗೊತ್ತಿದ್ದಕ್ಕೇ ಸದ್ದಿಲ್ಲದ್ದು ಕೇಳಿದೆ. ಪಕ್ಕದ ಮನೆಯವರಿಗೂ ಎಂಟು ಮರಿ ಇವೆ. ನಮ್ಮ ಮೂರು ಹೋದದ್ದನ್ನು ಅವರಿಗೆ ನಾನು ಸರಿಯಾಗಿ ಹೇಳಿಯೂ ಇರಲಿಲ್ಲ. ಇವತ್ತು ಬೆಳಿಗ್ಗೆ ಹೋಗಿ ಹೇಳಿದೆ. ಅವರ ಮಗ ಗುದ್ದಲಿ ಹಿಡಿದು ಜೊತೆಗೇ ಬಂದ.

ಇಡೀ ದಿನ ಅದೇ ಕೆಲಸ. ದೊಡ್ಡಿಯ ಸುತ್ತ ಒಂದಡಿ ಅಗೆದು, ಆರಡಿ ಎತ್ತರದ ಜಾಲರಿಯ ಕೆಳಭಾಗವನ್ನು ಮಣ್ಣೊಳಗೆ ಹೊರಮುಖವಾಗಿ ಬಗ್ಗಿಸಿ, ಮೇಲೆ ಚಪ್ಪಡಿ ಕಲ್ಲು ಹೇರಿದೆವು. ಕೆರೆಯುವ ಪ್ರಾಣಿ ಬೇಲಿಯ ಬುಡದಲ್ಲೇ ಕೆರೆಯುತ್ತದೆ. ಅಲ್ಲಿ ಉಗುರಿಗೆ ಕಂಬಿ ಸಿಕ್ಕರೆ ಬಿಟ್ಟು ಹೋಗುತ್ತದೆ, ಎರಡಡಿ ಹಿಂದೆ ಸರಿದು ಅಗೆಯುವ ಬುದ್ಧಿ ಸಾಮಾನ್ಯವಾಗಿ ಓಡುವುದಿಲ್ಲ. ಮರಿಗಳಿಗೆ ಒಳಗೇ ತಗಡಿನ ಚಾವಣಿಯ ಬೇರೆ ಕೋಣೆ ಆಗಬೇಕು, ಚಿರತೆಗೆ ಆರಡಿ ಬೇಲಿ ಲೆಕ್ಕಕ್ಕಿಲ್ಲ. ಹಗಲಲ್ಲಿ ಕೋಳಿಮರಿ ಹಿಡಿಯುವ ಮುಂಗುಸಿಗೆ ಸಣ್ಣ ಕಣ್ಣಿನ ಜಾಲರಿಯೇ ಬೇಕು. ಅದು ಮುಂದಿನ ವಾರ.

ಸಂಜೆ ಹೊತ್ತಿಗೆ ಜಾಲರಿ ಹತ್ತಡಿ ಸಾಲದೆ ಬಂತು. ನಾಲೆ ಕಡೆಯ ಮೂಲೆ ಹಾಗೇ ತೆರೆದಿದೆ. ಮಳವಳ್ಳಿಯಲ್ಲಿ ಅಂಗಡಿ ತೆಗೆಯುವುದು ನಾಳೆ. ಸದ್ಯಕ್ಕೆ ಮುಳ್ಳು ತುಂಬಿ, ಬಲ್ಬ್ ಎಳೆದು ಹಾಕಿದ್ದೇವೆ. ಉಳಿದ ಎರಡು ಮರಿಗಳನ್ನು ನಡುಮನೆಗೆ ತಂದು ಕಟ್ಟಿದ್ದೇನೆ. ಅತ್ತೆ ಬೇಡ ಅಂದರೂ ಕೇಳದೆ ಜಗಲಿಯಲ್ಲಿ ಹಾಸಿಗೆ ಹಾಸಿಕೊಂಡಿದ್ದಾರೆ. ತಲೆದೆಸೆಯಲ್ಲಿ ಟಾರ್ಚು, ಹಿತ್ತಾಳೆ ತಟ್ಟೆ, ಒಂದು ಸೌಟು. ಪಕ್ಕದ ಮನೆಯವರೂ ಕಿಟಕಿ ತೆರೆದೇ ಮಲಗುತ್ತೇವೆ ಅಂದಿದ್ದಾರೆ. ಇವತ್ತು ಹನ್ನೆರಡರವರೆಗೆ ನಾನು, ಆಮೇಲೆ ಅವರ ಮಗ. ಮೋಟಾರ್ ಇವತ್ತು ಹಾಕುವುದಿಲ್ಲ.