ಫಿಗ್ಮಾ ಬರ್ತೈತಿ, ಮತ್ತ ಇನ್ಫರ್ಮೇಶನ್ ಆರ್ಕಿಟೆಕ್ಚರ್ ಯಾಕ ಕಲಿಬೇಕ್ರೀ?

"ಅಕ್ಕಾರ, ಡಿಸೈನ್ ಮಾಡೋ ಸಾಫ್ಟ್‌ವೇರ್ ಫಿಗ್ಮಾ ಬರ್ತೈತಿ, ಸ್ಕ್ರೀನ್ ಚಂದ ಮಾಡ್ತೀನಿ, ಮತ್ತ ಈ ಇನ್ಫರ್ಮೇಶನ್ ಆರ್ಕಿಟೆಕ್ಚರ್ ಬ್ಯಾರೆ ಕಲೀಲೇಬೇಕೇನ್ರಿ?" ಯುಎಕ್ಸ್, ಅಂದ್ರ ಆ್ಯಪು, ವೆಬ್‌ಸೈಟು ಬಳಸೋರಿಗೆ ಸರಳ ಆಗೋಹಂಗ ಮಾಡೋ ಕೆಲಸ, ಕಲಿಯಾಕತ್ತಿರೋ ಬಾಗಲಕೋಟಿ ಕಡಿ ಹುಡುಗ್ರು ನನಗ ಮೆಸೇಜ್ ಮಾಡಿದಾಗೆಲ್ಲಾ ಇದನ್ನ ಕೇಳ್ತಾರ. ಕಲೀಲೇಬೇಕು, ಅದೂ ಫಿಗ್ಮಾಕ್ಕಿಂತ ಮೊದಲ. ಯಾವುದರ ಜೋಡಿ ಯಾವುದು ಇರಬೇಕು, ಅದಕ್ಕ ಏನಂತ ಹೆಸರಿಡಬೇಕು, ಮಂದಿ ಅದನ್ನ ಹೆಂಗ ಹುಡುಕ್ತಾರ, ಇನ್ಫರ್ಮೇಶನ್ ಆರ್ಕಿಟೆಕ್ಚರ್ ಅಂದ್ರ ಇಷ್ಟ. ಇದು ತಪ್ಪಿತಂದ್ರ ಬಟನ್ ಎಷ್ಟ ಚಂದ ಇದ್ರೂ ಬಂದಾವ್ರಿಗೆ ಬೇಕಾದ್ದು ಸಿಗಂಗಿಲ್ಲ.

ಇಳಕಲ್ ಸೀರಿ ಮಾರೋ ಒಂದು ಅಂಗಡಿಗೆ ವೆಬ್‌ಸೈಟ್ ಮಾಡೋವಾಗ ನಾನು ಮೆನು ಬರ್ದಿದ್ದೆ, ಕಾಟನ್, ಸಿಲ್ಕ್, ಅದರೊಳಗ ದಡಿ ಹೆಸರು ಗೋಮಿ, ಚಿಕ್ಕಿ ಪರಾಸ ಅಂತ. ನೇಕಾರರ ಲೆಕ್ಕದಾಗ ಅದು ಬರೋಬ್ಬರಿನ. ಆದ್ರ ತೊಗೊಳ್ಳೋರು ಬ್ಯಾರೆ ಅಲ್ರೀ. ಅದಕ್ಕ ನಲವತ್ತು ಚೀಟಿ ಬರ್ದು, ಒಂದೊಂದರ ಮ್ಯಾಲ ಒಂದೊಂದು ಸೀರಿ, ಅಂಗಡಿಗೆ ಬಂದ ಹೆಣ್ಮಕ್ಕಳ ಮುಂದ ಹಾಸಿ, ಒಂದಕ್ಕೊಂದು ಹೊಂದೋವು ಒಂದ್ಕಡೆ ಇಡ್ರಿ, ಆ ಗುಂಪಿಗೆ ಹೆಸರೂ ನೀವ ಇಡ್ರಿ ಅಂದೆ. ಇದಕ್ಕ ಕಾರ್ಡ್ ಸಾರ್ಟಿಂಗ್ ಅಂತಾರ. ಒಬ್ಬ ದೊಡ್ಡಮ್ಮ ಮೂರು ಗುಂಪು ಮಾಡಿದ್ಲು: ಕುಬಸದ್ದು (ಬಸುರಿ ಹೆಣ್ಮಗಳಿಗೆ ಮಾಡೋ ಶಾಸ್ತ್ರದ್ದು), ಆಯೇರಿ ಕೊಡೋದು, ಮನ್ಯಾಗ ಉಡೋದು. ಕಾಟನ್ ಸಿಲ್ಕ್ ಮಾತ ಇಲ್ಲ! ಕಡೀಕ ಹಸಿರು ಸೀರಿದೊಂದು ಚೀಟಿ ಕೈಯಾಗ ಹಿಡ್ಕೊಂಡು ಸುಮ್ನ ಕುಂತ್ಲು, "ಇದು ಕುಬಸಕ್ಕೂ ಬರ್ತೈತಿ, ಆಯೇರಿಗೂ ಬರ್ತೈತಿ, ಎಲ್ಲಿ ಇಡ್ಲಿ ತಂಗಿ?"

ಲೈಬ್ರರಿಯವ್ರದೂ ಇದ ತ್ರಾಸು, ಒಂದು ಪುಸ್ತಕಕ್ಕ ನಾಕು ವಿಷಯ, ಕಪಾಟಿನಾಗ ಜಾಗಾ ಮಾತ್ರ ಒಂದ. ನಮ್ಮ ದೇಶದ ಲೈಬ್ರರಿ ಶಾಸ್ತ್ರದ ಪಂಡಿತ ಎಸ್. ಆರ್. ರಂಗನಾಥನ್ ಅವ್ರು 1933ರಾಗ ಕೋಲನ್ ಕ್ಲಾಸಿಫಿಕೇಶನ್ ಅಂತ ತಂದ್ರು, ಒಂದು ವಿಷಯಾನ ಮುಖ್ಯ ವಸ್ತು, ಅದರ ಗುಣ, ಕ್ರಿಯೆ, ಜಾಗಾ, ಕಾಲ ಅಂತ ಐದು ಮುಖದಿಂದ ಬಿಡಿಸಿ ನೋಡೋ ಪದ್ಧತಿ. ಇವತ್ತು ಶಾಪಿಂಗ್ ಆ್ಯಪಿನಾಗ ಬಣ್ಣ, ರೇಟು, ಸೈಜು ಅಂತ ಫಿಲ್ಟರ್ ಹಾಕ್ತೀವಲ್ಲ, ಅದ ವಿಚಾರ. ನಮ್ಮ ಬೆಂಗಳೂರಾಗ 1962ರಾಗ ಡಿಆರ್‌ಟಿಸಿ ಅನ್ನೋ ಲೈಬ್ರರಿ ಶಾಸ್ತ್ರ ಕಲಿಸೋ ಸಂಸ್ಥೆ ಕಟ್ಟಿದ್ದೂ ಅವರ. ಯುಎಕ್ಸ್ ಕಲಿಯೋರಿಗೆ ಇವರ ಹೆಸರು ಯಾರೂ ಹೇಳಂಗಿಲ್ಲ ಅನ್ನೋದು ನನಗ ಭಾಳ ಬ್ಯಾಸರ. ಕಟ್ಟಡದ ಆರ್ಕಿಟೆಕ್ಟ್ ರಿಚರ್ಡ್ ಸಾಲ್ ವುರ್ಮನ್ 1976ರಾಗ ಅಮೆರಿಕಾದಾಗ ಇನ್ಫರ್ಮೇಶನ್ ಆರ್ಕಿಟೆಕ್ಚರ್ ಅನ್ನೋ ಮಾತು ಮುಂದ ತಂದ್ರು, ಅದನ್ನ ಎಲ್ಲರೂ ಹೇಳ್ತಾರ.

ಆ ಹಸಿರು ಸೀರಿನ ಕಡೀಕ ಎರಡೂ ಕಡೆ ತೋರಿಸಿದ್ವಿ. ಮಾಲಕರು "ಗಿಫ್ಟಿಂಗ್ ಕಲೆಕ್ಷನ್ ಅಂತ ಹಾಕ್ರಿ, ಸ್ಟ್ಯಾಂಡರ್ಡ್ ಕಾಣ್ತೈತಿ" ಅಂದ್ರು, ನಾನು ಆಯೇರಿ ಅಂತನ ಇರ್ಲಿ ಅಂತ ಹಟಾ ಹಿಡ್ದೆ. ಆಮ್ಯಾಲ ಬಣ್ಣ, ಫೋಟೋ ಏನೂ ಇಲ್ಲದ ಬರೇ ಮೆನು ತೋರ್ಸಿ, "ಮಗಳ ಕುಬಸಕ್ಕ ಸೀರಿ ಬೇಕು, ಎಲ್ಲಿ ಒತ್ತತೀರಿ?" ಅಂತ ಕೇಳಿದ್ವಿ, ಟ್ರೀ ಟೆಸ್ಟಿಂಗ್ ಅಂದ್ರ ಇದ. ಸ್ಕ್ರೀನ್ ಮಾಡೋ ಮೊದಲ ಎಲ್ಲಿ ದಾರಿ ತಪ್ತಾರ ಅಂತ ಗೊತ್ತಾಗಿಬಿಡ್ತೈತಿ.

ನೀವೂ ಮೊದಲ ನಿಮ್ಮ ಓಣಿ ಕಿರಾಣಿ ಅಂಗಡಿದು ಮೂವತ್ತು ಸಾಮಾನಿನ ಚೀಟಿ ಬರ್ದು ಐದು ಮಂದಿ ಕೈಯಾಗ ಕೊಡ್ರಿ. ಅವ್ರು ಜೋಡಸೋವಾಗ ನಡುವ ಬಾಯಿ ಹಾಕಬ್ಯಾಡ್ರಿ, ತಮ್ಮಷ್ಟಕ್ಕ ತಾವು ಏನ ಅಂತಾರ ಅದನ್ನ ಹಂಗ ಬರ್ಕೊಳ್ರಿ, ಮೆನುವಿನ ಹೆಸರು ಅದರಾಗ ಇರ್ತಾವ.